ಉಪ್ಪುಗಾಳಿ, ಒಳಬೆವರು ಮತ್ತು ತಳದ ತೂತು: ಕರಾವಳಿಯ ಬಯಲು ಸ್ವಿಚ್‌ಗೇರ್ ಕುರಿತ ಅಧ್ಯಕ್ಷ ಭಾಷಣ

ಕಡಲ ಉಪ್ಪು ಗಾಳಿಯಲ್ಲಿರುವ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಅಡುಗೆಯ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಸಾಪೇಕ್ಷ ಆರ್ದ್ರತೆ ಶೇ. 75ರ ಆಸುಪಾಸು ಮುಟ್ಟಿದೊಡನೆ ಕರಗಿ ನೀರಾಗತೊಡಗುತ್ತದೆ. ಅದರ ಜೊತೆ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಸಾಕು. ಕಾರವಾರದಿಂದ ಮಂಗಳೂರಿನವರೆಗೆ ಗಾಳಿಯ ತೇವ ಈ ಎರಡನೆಯ ಅಂಕಿಗಿಂತ ಕೆಳಗಿಳಿಯುವ ದಿನಗಳು ಬಹಳ ಕಡಿಮೆ. ಆದ್ದರಿಂದ ಬಯಲಿನಲ್ಲಿ ನಿಂತ ಜಿಒಎಸ್ (ಗ್ಯಾಂಗ್ ಆಪರೇಟೆಡ್ ಸ್ವಿಚ್), ಬ್ರೇಕರ್, ಫೀಡರ್ ಪಿಲ್ಲರ್, ಆರ್‌ಎಂಯು (ರಿಂಗ್ ಮೇನ್ ಯೂನಿಟ್) ಇವುಗಳ ಮೇಲೆ ನಡುಹಗಲಲ್ಲೂ ಕಣ್ಣಿಗೆ ಕಾಣದ ಉಪ್ಪುನೀರಿನ ಪದರವೊಂದು ಉಳಿದೇ ಇರುತ್ತದೆ. ಒಣಗಿದಂತೆ ತೋರುವ ಕ್ಲಾಂಪಿನಲ್ಲೂ ಸವೆತ ನಿಲ್ಲುವುದಿಲ್ಲ.

  

ಲೋಹದ ಸವೆತವನ್ನು ಅಳೆಯಲು ಐಎಸ್‌ಒ 9223 ಮಾನಕ ವಾತಾವರಣವನ್ನು ಸಿ1ರಿಂದ ಸಿ5ರವರೆಗೆ, ಅದರಾಚೆ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಸಿ5 ವಾತಾವರಣದಲ್ಲಿ ಸತುವಿನ ಲೇಪ ಮೊದಲ ವರ್ಷದಲ್ಲಿ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. 5 ಮಿಲಿಮೀಟರಿಗೂ ದಪ್ಪನೆಯ ಉಕ್ಕಿಗೆ ಬಿಸಿಸತುವಿನಲ್ಲಿ ಅದ್ದಿ ಕೊಡುವ, ಚದರ ಮೀಟರಿಗೆ 610 ಗ್ರಾಂ ಲೇಪ ಎಂದರೆ ಸುಮಾರು 85 ಮೈಕ್ರಾನ್. ಅದು ಹತ್ತಿಪ್ಪತ್ತು ವರ್ಷ ತಾಳುತ್ತದೆ. ಪೆಟ್ಟಿಗೆ ಮಾಡಲು ಬಳಸುವ ತೆಳು ಜಿಐ ತಗಡಿನ ಕಥೆ ಬೇರೆ. 275 ಗ್ರಾಂ ಎಂದು ಹೇಳುವ ಲೇಪ ಎರಡೂ ಮೈಗೆ ಸೇರಿದ ಲೆಕ್ಕ. ಒಂದೊಂದು ಮೈಗೆ ಸಿಗುವುದು 20 ಮೈಕ್ರಾನ್. ವರ್ಷಗಳು ಕಳೆದಂತೆ ಸವೆತದ ವೇಗ ಸ್ವಲ್ಪ ತಗ್ಗುತ್ತದೆ ಎಂದು ಒಪ್ಪಿದರೂ, ಮೇಲಿನ ಬಣ್ಣ ಸುಲಿದುಹೋದ ಮೇಲೆ ಅಂಥ ತಗಡಿಗೆ ಕೆಲವೇ ಮಳೆಗಾಲಗಳ ಆಯುಷ್ಯ. ಕ್ಯಾಟಲಾಗುಗಳಲ್ಲಿ ಮೆರೆಯುವ ಉಪ್ಪುಸಿಂಪಡಿಕೆಯ ಗಂಟೆಗಳನ್ನು ಇಲ್ಲಿ ನಂಬಿ ಕೂರುವಂತಿಲ್ಲ. 35 ಡಿಗ್ರಿಯಲ್ಲಿ ಶೇ. 5ರ ಉಪ್ಪುನೀರನ್ನು ಎಡೆಬಿಡದೆ ಸಿಂಪಡಿಸುವ ಆ ಪರೀಕ್ಷೆಯಲ್ಲಿ ಬಿಸಿಲೂ ಇಲ್ಲ, ಒಣಗುವುದೂ ಇಲ್ಲ. ಆ ಗಂಟೆಗಳಿಗೂ ಬಯಲಿನ ಬಾಳಿಕೆಗೂ ನೇರ ಸಂಬಂಧ ಅಪರೂಪವೆಂದು ಪರೀಕ್ಷೆಯ ಮಾನಕವೇ ಎಚ್ಚರಿಸುತ್ತದೆ.

ಎಲ್ಲ ಕಡೆಯೂ ಉಪ್ಪು ಒಂದೇ ಸಮ ಬೀಳುವುದಿಲ್ಲ. ಅಲೆ ಒಡೆದಾಗ ಏಳುವ ದಪ್ಪ ಹನಿಗಳು ದಡದಿಂದ ಕೆಲವು ನೂರು ಮೀಟರಿನೊಳಗೇ ಇಳಿದುಬಿಡುತ್ತವೆ. ಮಲ್ಪೆ ದಕ್ಕೆಯ ಬಳಿಯ ಪಿಲ್ಲರಿಗೂ ಮಣಿಪಾಲದ ಗುಡ್ಡದ ಮೇಲಿನ ಪಿಲ್ಲರಿಗೂ ನಡುವೆ ಹತ್ತು ಕಿಲೋಮೀಟರಿನ ಆಸುಪಾಸು ಅಂತರ. ಸವೆತದಲ್ಲಿ ಅವು ಎರಡು ಬೇರೆ ಊರುಗಳು. ಖರೀದಿಯ ಕಾಗದದಲ್ಲಿ ಮಾತ್ರ ಎರಡೂ ಒಂದೇ, ಕಲಬುರಗಿಯದ್ದೂ ಅದೇ.

ಇನ್ಸುಲೇಟರುಗಳ ವಿಷಯ ಬೇಗ ಮುಗಿಯುತ್ತದೆ. ಅವಕ್ಕೆ ಜಡಿಮಳೆ ಉಪಕಾರಿ; ಉಪ್ಪನ್ನು ತೊಳೆದು ಹಾಕುತ್ತದೆ. ಅಪಾಯ ಇರುವುದು ಡಿಸೆಂಬರಿನಿಂದ ಮೇವರೆಗೆ, ಕಡಲಗಾಳಿ ತಂದ ಉಪ್ಪು ಪಿಂಗಾಣಿಯ ಅಡಿಮೈಯಲ್ಲಿ ಪದರಗಟ್ಟುವಾಗ. ಬೆಳಗಿನ ಇಬ್ಬನಿಯೋ ಮೊದಲ ಹನಿಮಳೆಯೋ ಅದನ್ನು ನೆನೆಸಿದರೆ ಫೀಡರುಗಳು ಸಾಲುಸಾಲಾಗಿ ಟ್ರಿಪ್ ಆಗುತ್ತವೆ. 11 ಕೆವಿ ಉಪಕರಣದ ಗರಿಷ್ಠ ವೋಲ್ಟೇಜ್ 12 ಕೆವಿ. ಹಳೆಯ ಲೆಕ್ಕದಂತೆ ಪ್ರತಿ ಕೆವಿಗೆ 25 ಮಿಲಿಮೀಟರ್ ಹರಿವಿನ ಅಂತರ (ಕ್ರೀಪೇಜ್) ಇಟ್ಟರೆ 300 ಮಿಲಿಮೀಟರ್ ಆಗುತ್ತದೆ. ಕಡಲಂಚಿಗೆ 31ರಂತೆ 372 ಬೇಕು. ನೀರನ್ನು ಪದರವಾಗಲು ಬಿಡದೆ ಹನಿಯಾಗಿಸುವ ಸಿಲಿಕೋನ್ ರಬ್ಬರ್ ಇನ್ಸುಲೇಟರುಗಳೂ ಬಂದಿವೆ. ಇದು ಬಗೆಹರಿದ ಸಂಗತಿ. ದುಡ್ಡು, ಮನಸ್ಸು ಎರಡೂ ಇದ್ದರಾಯಿತು.

ಬಗೆಹರಿಯದೆ ಉಳಿದಿರುವುದು ಪೆಟ್ಟಿಗೆ. ಬ್ರೇಕರಿನ ಮೆಕ್ಯಾನಿಸಂ ಪೆಟ್ಟಿಗೆ, ಮಾರ್ಶಲಿಂಗ್ ಕಿಯಾಸ್ಕ್, ರಸ್ತೆಬದಿಯ ಫೀಡರ್ ಪಿಲ್ಲರ್ — ಹೆಸರು ಯಾವುದಾದರೂ ರೋಗ ಒಂದೇ. ಜುಲೈಯಲ್ಲಿ ಮಳೆ ಬಿಟ್ಟ ಒಂದು ಬೆಳಿಗ್ಗೆ ಇಂಥ ಬಾಗಿಲು ತೆರೆದರೆ ಮಾಡಿನ ಒಳಮೈ ಮೂಡೆ ಬೇಯಿಸಿದ ಪಾತ್ರೆಯ ಮುಚ್ಚಳದಂತೆ ಹನಿಗಟ್ಟಿರುತ್ತದೆ. ಹನಿ ಉದುರುವ ಜಾಗದಲ್ಲೇ ಟರ್ಮಿನಲ್ ಸ್ಟ್ರಿಪ್. ಲಗ್ಗುಗಳ ಕೊರಳಲ್ಲಿ ಹಸಿರು ಕಿಲುಬು, ಬೋಲ್ಟುಗಳ ಮೇಲೆ ಬಿಳಿ ಪುಡಿ, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. ಗ್ಯಾಸ್ಕೆಟ್ ಮಾತ್ರ ಹೊಸದರಂತೆ ಮಿರುಗುತ್ತಿರುತ್ತದೆ. ಬಾಗಿಲಿನ ಫಲಕದ ಮೇಲೆ, ಧೂಳು-ನೀರು ತಡೆಯುವ ದರ್ಜೆಯಾದ ಐಪಿ 55 ಎಂದು ಕೆತ್ತಿರುತ್ತದೆ.

ನೀರು ಒಳಗೆ ಹೋಗುವ ಬಗೆಯನ್ನು ಲೆಕ್ಕ ಹಾಕಿ ತೋರಿಸಬಹುದು. ಮೇ ಕೊನೆಯ ಬಿಸಿಲಿಗೆ ಪೆಟ್ಟಿಗೆಯ ಒಳಗಾಳಿ 60 ಡಿಗ್ರಿಗೆ ಕಾದಿದೆ ಎಂದುಕೊಳ್ಳೋಣ. ಮೂರು ಗಂಟೆಗೆ ಸುರಿದ ಮಳೆ ಅದನ್ನು 25ಕ್ಕೆ ಇಳಿಸಿದರೆ ಗಾಳಿ ಹತ್ತನೆಯ ಒಂದು ಪಾಲು ಕುಗ್ಗುತ್ತದೆ. ಒಂದು ಘನಮೀಟರ್ ಪೆಟ್ಟಿಗೆಯಾದರೆ ಸುಮಾರು 100 ಲೀಟರ್ ಹೊರಗಾಳಿ ಒಳಗೆ ಬರಲೇಬೇಕು. ಬರಲು ದಾರಿಯೇ ಇಲ್ಲದಿದ್ದರೆ ಒಳಗೆ ಒಂದು ಮೀಟರ್ ನೀರಿನ ಎತ್ತರಕ್ಕೆ ಸಮನಾದ ಸೆಳೆತ ಹುಟ್ಟುತ್ತದೆ. ಅಷ್ಟು ಸೆಳೆತದ ಮುಂದೆ ಬಾಗಿಲಿನಂಚಿನಲ್ಲಿ ನಿಂತ ಮಳೆನೀರು ಗ್ಯಾಸ್ಕೆಟ್ಟನ್ನು ದಾಟದೆ ಇರುವುದು ಕಷ್ಟ. ಹಾಗೆ ಒಳಸೇರಿದ ನೀರಿಗೆ ಹೊರಹೋಗಲು ದಾರಿ ಇಲ್ಲ. ಗ್ಯಾಸ್ಕೆಟ್ ಎಷ್ಟು ಚೆನ್ನಾಗಿದೆಯೋ ನೀರು ಅಷ್ಟು ಭದ್ರವಾಗಿ ಒಳಗೇ ಉಳಿಯುತ್ತದೆ.

ಐಪಿ 55 ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. 6.3 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಚಿಮ್ಮಿಸಿ ನೋಡುವ ಪರೀಕ್ಷೆ ಅದು. ನೀರಿನ ಮತ್ತು ಪೆಟ್ಟಿಗೆಯ ತಾಪಮಾನದ ಅಂತರ 5 ಡಿಗ್ರಿಯೊಳಗೆ ಇರಬೇಕು. ನೀರು ಅದಕ್ಕಿಂತ ತಣ್ಣಗಿದ್ದರೆ ಒಳಹೊರಗಿನ ಒತ್ತಡ ಸಮಗೊಳಿಸಿಕೊಂಡೇ ಪರೀಕ್ಷೆ ನಡೆಸಬೇಕೆಂದು ಅದೇ ಮಾನಕ ಹೇಳುತ್ತದೆ. ಕರಾವಳಿಯ ಮಳೆ ಪೆಟ್ಟಿಗೆಗೆ ಮಾಡುವ ಕೆಡುಕನ್ನೇ ಪರೀಕ್ಷೆ ಹೊರಗಿಟ್ಟಿದೆ. ಇದರಲ್ಲಿ ಮಾನಕದ ತಪ್ಪಿಲ್ಲ. ಅದು ಕೊಟ್ಟ ಅಂಕಿಯನ್ನು ಸರ್ವರೋಗ ನಿವಾರಿಣಿ ಎಂದುಕೊಂಡವರದ್ದು ತಪ್ಪು.

ಮಳೆ ಬಾರದ ರಾತ್ರಿಯಲ್ಲೂ ಪೆಟ್ಟಿಗೆ ಬೆವರುತ್ತದೆ. 30 ಡಿಗ್ರಿಯಲ್ಲಿ ಶೇ. 85 ಆರ್ದ್ರತೆ ಇದ್ದರೆ ಇಬ್ಬನಿ ಕಟ್ಟುವ ಬಿಂದು 27 ಡಿಗ್ರಿ; ತಗಡು ಮೂರು ಡಿಗ್ರಿ ತಣ್ಣಗಾದರೆ ಸಾಕು. ಆ ಗಾಳಿಯ ಒಂದು ಘನಮೀಟರಿನಲ್ಲಿ 26 ಗ್ರಾಂನಷ್ಟು ನೀರಿರುತ್ತದೆ. 25 ಡಿಗ್ರಿಗೆ ಇಳಿದಾಗ ಅದು 23 ಗ್ರಾಂ ಮಾತ್ರ ಹಿಡಿದುಕೊಳ್ಳಬಲ್ಲದು. ಉಳಿದ ಮೂರು ಗ್ರಾಂ ಗೋಡೆಗೆ ಇಳಿಯುತ್ತದೆ. ಇಷ್ಟೂ ಸಾಲದೆಂಬಂತೆ ಕೆಳಗೆ ಕೇಬಲ್ ಟ್ರೆಂಚ್ ಇದೆ. ಮಳೆಗಾಲವಿಡೀ ನೀರು ತುಂಬಿರುವ ಆ ಕಾಲುವೆಯ ಹಬೆ ಗ್ಲ್ಯಾಂಡ್ ಪ್ಲೇಟಿನ ಮುಚ್ಚದ ರಂಧ್ರಗಳಿಂದ ನೇರ ಮೇಲೇರುತ್ತದೆ. ಬಾಗಿಲಿಗೆ ದುಬಾರಿ ಗ್ಯಾಸ್ಕೆಟ್, ಬುಡಕ್ಕೆ ಏನೂ ಇಲ್ಲ!

ಪರಿಣಾಮ ತುಕ್ಕಿನಲ್ಲಿ ಮುಗಿಯುವುದಿಲ್ಲ. ಟರ್ಮಿನಲ್ಲಿನ ಮೇಲೆ ಉಪ್ಪುತೇವ ಕೂತರೆ 110 ವೋಲ್ಟ್ ಡಿಸಿ ಸೋರತೊಡಗುತ್ತದೆ. ಮಳೆಗಾಲದ ನಡುವಿನ ಆಟಿ ತಿಂಗಳ ರಾತ್ರಿ ಡಿಸಿ ಲೀಕೇಜ್ ಅಲಾರಂ ಕೂಗದ ಸಬ್‌ಸ್ಟೇಷನ್ನಿನಲ್ಲಿ ಆ ಅಲಾರಂ ಬಾಯಿಯನ್ನು ಯಾರೋ ಮುಚ್ಚಿಸಿದ್ದಾರೆ ಎಂದೇ ಅರ್ಥ. ಆಕ್ಸಿಲಿಯರಿ ಸ್ವಿಚ್ಚಿನ ಸಂಪರ್ಕಕ್ಕೆ ಕಿಲುಬು ಹಿಡಿದರೆ ಟ್ರಿಪ್ ಕಾಯಿಲಿಗೆ ಕರೆಂಟೇ ತಲುಪುವುದಿಲ್ಲ. ತಂತಿ ತುಂಡಾಗಿ ತೋಟಕ್ಕೆ ಬಿದ್ದಾಗ ರಿಲೇ ತನ್ನ ಕೆಲಸ ಮಾಡಿರುತ್ತದೆ. ಬ್ರೇಕರ್ ಮಾತ್ರ ತೆರೆದುಕೊಂಡಿರುವುದಿಲ್ಲ. ಅದರ ಬೆಲೆ ತೆರುವವರು ಪವರ್‌ಮ್ಯಾನ್ ಅಥವಾ ದಾರಿಹೋಕರು.

ಪರಿಹಾರದ ಮೊದಲ ಭಾಗ ಬಿಸಿ. ಒಳಗಾಳಿಯನ್ನು 30ರಿಂದ 35 ಡಿಗ್ರಿಗೆ ಏರಿಸಿದರೆ ಶೇ. 85 ಇದ್ದ ಆರ್ದ್ರತೆ 64ಕ್ಕೆ ಇಳಿಯುತ್ತದೆ. ಅದಕ್ಕೆಂದೇ ಸ್ಪೇಸ್ ಹೀಟರ್ ಇದೆ. ಆದರೆ ಅದನ್ನು ನಿಯಂತ್ರಿಸುವ ಥರ್ಮೋಸ್ಟ್ಯಾಟನ್ನು 20 ಡಿಗ್ರಿಗೆ ಹೊಂದಿಸಿ ಕಳುಹಿಸಿದರೆ, ರಾತ್ರಿಯೂ 23ಕ್ಕಿಂತ ಕೆಳಗಿಳಿಯಲು ಒಲ್ಲದ ಮಂಗಳೂರಿನ ಮಳೆಗಾಲದಲ್ಲಿ ಹೀಟರ್ ಹೊತ್ತುವುದೇ ಇಲ್ಲ. ಬೇಕಾದದ್ದು ತೇವವನ್ನು ಅಳೆಯುವ ಹೈಗ್ರೋಸ್ಟ್ಯಾಟ್. ಹಿಂದೆ ಪವರ್‌ಮ್ಯಾನ್‌ಗಳು ಪೆಟ್ಟಿಗೆಯೊಳಗೆ 60 ವ್ಯಾಟಿನ ತಂತಿ ಬಲ್ಬ್ ಉರಿಸಿಡುತ್ತಿದ್ದರು. ಪುಸ್ತಕದಲ್ಲಿಲ್ಲದ ಈ ಉಪಾಯ ಬಹಳ ಪೆಟ್ಟಿಗೆಗಳನ್ನು ಉಳಿಸಿತ್ತು. ಎಲ್‌ಇಡಿ ಬಂದಮೇಲೆ ಬೆಳಕು ಉಳಿಯಿತು, ಶಾಖ ಹೋಯಿತು.

ಎರಡನೆಯ ಭಾಗವೇ ಜಗಳದ ಮೂಲ: ಪೆಟ್ಟಿಗೆಯ ತಳದಲ್ಲಿ ತೂತು ಬೇಕೋ ಬೇಡವೋ. ಪೆಟ್ಟಿಗೆ ಹೇಗಿದ್ದರೂ ಉಸಿರಾಡುತ್ತದೆ. ಅದು ಉಸಿರಾಡುವ ಜಾಗವನ್ನು ಮಳೆಗೆ ಬಿಟ್ಟುಕೊಡುವ ಬದಲು ಎಂಜಿನಿಯರೇ ಗೊತ್ತುಮಾಡಲಿ ಎಂಬುದು ಒಂದು ಪಕ್ಷ. ತಳದ ಅತಿ ತಗ್ಗಿನ ಮೂಲೆಯಲ್ಲಿ ಬಲೆ ಕೂರಿಸಿದ ಬ್ರೀದರ್-ಡ್ರೈನ್ ಒಂದಿದ್ದರೆ ಸೆಳೆತ ಹುಟ್ಟುವುದಿಲ್ಲ, ಬಿದ್ದ ಹನಿ ಬಸಿದುಹೋಗುತ್ತದೆ. ತೂತಿನಿಂದ ಐಪಿ ಕೆಡುತ್ತದೆ, ಚಗಳಿ ಇರುವೆ ನುಗ್ಗುತ್ತದೆ, ಲೆಕ್ಕಪರಿಶೋಧಕರು ಪ್ರಶ್ನಿಸುತ್ತಾರೆ ಎಂಬುದು ಇನ್ನೊಂದು ಪಕ್ಷ. ತೂತು ಬೇಕೆಂದು ಈ ಸಂಘದ ತಾಂತ್ರಿಕ ಸಮಿತಿ ಸಿದ್ಧಪಡಿಸಿದ ಟಿಪ್ಪಣಿಯನ್ನು ಒಂದು ಖರೀದಿ ಕಚೇರಿ ಮತ್ತೆ ಮತ್ತೆ ಹಿಂದಿರುಗಿಸಿತು. ಪ್ರತಿ ಬಾರಿಯೂ ಷರಾ ಒಂದೇ, ‘ನಿಯಮಬಾಹಿರ’. ಯಾವ ನಿಯಮ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಬಸಿತೂತು ಇರುವ ಪೆಟ್ಟಿಗೆಯನ್ನು ಐಪಿ ಮಾನಕ ಎಲ್ಲಿಯೂ ನಿಷೇಧಿಸಿಲ್ಲ.   ಇರುವೆಯ ಆಕ್ಷೇಪ ನಿಜ, ಅದಕ್ಕೆ ಉತ್ತರವೂ ಇದೆ: 316 ದರ್ಜೆಯ ಸ್ಟೇನ್‌ಲೆಸ್ ಬಲೆ, ವರ್ಷಕ್ಕೊಮ್ಮೆ ಸ್ವಚ್ಛಗೊಳಿಸುವಿಕೆ. ತೀರಾ ಸಣ್ಣ ತೂತನ್ನು ನೀರಿನ ಹನಿಯೇ ಮುಚ್ಚಿಬಿಡುವುದರಿಂದ ಅಗಲ 10 ಮಿಲಿಮೀಟರಿಗೆ ಕಡಿಮೆ ಬೇಡ.

ಸವೆತ ಕಾಡುವ ಉಳಿದ ಜಾಗಗಳಲ್ಲಿ ಮುಖ್ಯವಾದದ್ದು ತಾಮ್ರ ಅಲ್ಯುಮಿನಿಯಂಗೆ ಕೂಡುವ ಜಾಯಿಂಟು. ಉಪ್ಪುನೀರಿನ ಎದುರು ಅಲ್ಯುಮಿನಿಯಂ ಸವೆದು ತಾಮ್ರ ಉಳಿಯುತ್ತದೆ. ಬೈಮೆಟಲ್ ಲಗ್, ಗ್ರೀಸ್ ಎರಡೂ ಬೇಕು. ತಾಮ್ರವನ್ನು ಅಲ್ಯುಮಿನಿಯಂ ಮೇಲ್ಗಡೆ ಇಡಬಾರದು, ಅದರಿಂದ ಹರಿದ ನೀರೂ ಕೆಳಗಿನದನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದ್ದು ಎಂಬುದೂ ಇಲ್ಲಿ ಸುಳ್ಳಾಗುತ್ತದೆ. 304 ದರ್ಜೆಯದ್ದರ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ, ಶೇ. 2ರಿಂದ 3 ಮಾಲಿಬ್ಡಿನಂ ಇರುವ 316 ತಾಳುತ್ತದೆ.

ಸಮ್ಮೇಳನದ ಮುಂದಿರುವ ಸೂಚನೆಗಳಲ್ಲಿ ಕೆಲವು ನಾಳೆಯೇ ಆಗಬಹುದಾದವು. ಕಡಲಿನಿಂದ 5 ಕಿಲೋಮೀಟರಿನೊಳಗಿನ ಎಲ್ಲ ಖರೀದಿಗೆ ಪ್ರತ್ಯೇಕ ಕರಾವಳಿ ಅನುಬಂಧ ಇರಲಿ: ತಳದಲ್ಲಿ ಬ್ರೀದರ್-ಡ್ರೈನ್, ಶೇ. 65ಕ್ಕೆ ಹೊಂದಿಸಿದ ಹೈಗ್ರೋಸ್ಟ್ಯಾಟ್, ಹೀಟರ್ ನಡೆಯುತ್ತಿದೆಯೆಂದು ಹೊರಗಿನಿಂದಲೇ ತೋರಿಸುವ ದೀಪ, ಕೇಬಲ್ ಎಳೆದ ದಿನವೇ ಮುಚ್ಚಿದ ಗ್ಲ್ಯಾಂಡ್ ಪ್ಲೇಟ್. ಗ್ಯಾಸ್ಕೆಟ್, ಬಲೆ, ಹೀಟರುಗಳ ತಪಾಸಣೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಮೊದಲೇ ಮುಗಿಯಲಿ. ಪ್ರತಿ ಸಬ್‌ಸ್ಟೇಷನ್ನಿನಲ್ಲಿ ತೂಕ ಮಾಡಿದ ಸತುವಿನ ತುಂಡೊಂದನ್ನು ವರ್ಷಕಾಲ ತೂಗುಹಾಕಿ ಮತ್ತೆ ತೂಗಲಿ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆ ತೂಕಗಳನ್ನು ಕೂಡಿಸಿ ಮಾಜಾಳಿಯಿಂದ ತಲಪಾಡಿವರೆಗಿನ ಸುಮಾರು 320 ಕಿಲೋಮೀಟರಿಗೆ ಉಪ್ಪಿನ ನಕ್ಷೆ ಬರೆಯಬೇಕು. ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾಲಯ ದೇಶಕ್ಕೆ ಸವೆತದ ನಕ್ಷೆಯ ದಾರಿ ತೋರಿದೆ, ಕಡಲತಡಿಯಲ್ಲೇ ಇರುವ ಸುರತ್ಕಲ್ಲಿನ ಎನ್‌ಐಟಿಕೆಯ ವಿದ್ಯಾರ್ಥಿಗಳು ಕೈಹಾಕಿದರೆ ಇದು ದೊಡ್ಡದಲ್ಲ. ಕಡಿಮೆ ದರದವರಿಗೇ ಗುತ್ತಿಗೆ ಎಂಬ ಪದ್ಧತಿ ಹೋಗಿ, ಇಪ್ಪತ್ತು ವರ್ಷದ ಒಟ್ಟು ಖರ್ಚು ನೋಡಿ ಕೊಳ್ಳುವ ದಿನ ಬರಲೆಂಬುದೂ ಪಟ್ಟಿಯಲ್ಲಿದೆ. ಪೆಟ್ಟಿಗೆಯ ವಿನ್ಯಾಸ ಮಾಡುವವರು ಒಂದು ಆಟಿ ತಿಂಗಳು ಪಣಂಬೂರಿನಲ್ಲಿ ಬಾಡಿಗೆಗಿರಲಿ ಎಂಬುದು ಆಸೆ ಮಾತ್ರ.

ಕೊನೆಯ ಸಂಗತಿ ಉಗ್ರಾಣದ್ದು. ಅನಿಲ ತುಂಬಿ ಬೆಸುಗೆ ಹಾಕಿದ ಆರ್‌ಎಂಯು ತೊಟ್ಟಿಗೆ ತೇವದ ಭಯವಿಲ್ಲ, ಆದರೆ ಅದರ ಕೇಬಲ್ ಪೆಟ್ಟಿಗೆ ಮತ್ತು ಮೆಕ್ಯಾನಿಸಂ ಪೆಟ್ಟಿಗೆ ಉಳಿದವುಗಳಂತೆಯೇ ಬೆವರುತ್ತವೆ. ಹೀಗಿದ್ದೂ ಹೊಸ ಉಪಕರಣ ಲಾರಿಯಿಂದಿಳಿದು, ಪ್ಲಾಸ್ಟಿಕ್ ಹೊದಿಕೆಯೊಳಗೇ, ಚಾಲನೆಗೆ ಮೊದಲು ಒಂದು ಮಳೆಗಾಲವನ್ನು ಅಂಗಳದಲ್ಲಿ ಕಳೆಯುವುದು ಮಾಮೂಲು. ಆಗ ಹೀಟರಿಗೆ ಕರೆಂಟಿಲ್ಲ, ಹೊದಿಕೆ ತೇವವನ್ನು ಹಿಡಿದಿಡುತ್ತದೆ. ಚಾಲನೆಯ ದಿನ ತೆರೆದಾಗಲೇ ಲಗ್ಗುಗಳು ಹಸಿರಾಗಿರುತ್ತವೆ. ಗ್ಯಾರಂಟಿಯ ಅವಧಿಯೂ ಅಷ್ಟರಲ್ಲಿ ಅರ್ಧ ತೀರಿರುತ್ತದೆ. ಇಳಿಸಿದ ದಿನವೇ ಪ್ಲಾಸ್ಟಿಕ್ ತೆಗೆದು, ಮಾಡಿನಡಿ ನಿಲ್ಲಿಸಿ, ಹೀಟರಿಗೆ ತಾತ್ಕಾಲಿಕ ಸಂಪರ್ಕ ಕೊಟ್ಟು, ಅದರ ದಿನಾಂಕವನ್ನು ಉಗ್ರಾಣದ ರಿಜಿಸ್ಟರಿನಲ್ಲಿ ಬರೆಯಬೇಕು.