ಬೆಳಕಿನ ಸುತ್ತು ಎಲ್ಲಿ ಕಡಿಯಿತು?

ಗಣಪತಿ ಹಬ್ಬದ ಮಂಟಪಕ್ಕೆ ಇಳಿಬಿಡುವ ಸಣ್ಣ ಬಣ್ಣದ ದೀಪಗಳ ಸರವನ್ನು ನೀವೆಲ್ಲರೂ ಬಲ್ಲಿರಿ. ಹಳೆಯ ಮಾದರಿಯ ಸರದಲ್ಲಿ ಒಂದು ಬಲ್ಬು ಸುಟ್ಟರೆ ಸಾಕು, ಸರವೆಲ್ಲ ಕತ್ತಲು. ಆಗ ಯಾರೂ ಸರವನ್ನೇ ಎಸೆದುಬಿಡುವುದಿಲ್ಲ. ಒಂದೊಂದೇ ಬಲ್ಬನ್ನು ಮುಟ್ಟಿ, ತಿರುಗಿಸಿ, ಕೆಟ್ಟದ್ದು ಯಾವುದೆಂದು ಹುಡುಕುತ್ತಾರೆ. ಮನೆಯಲ್ಲಿ ನಾವು ತೋರುವ ಈ ವಿವೇಕವನ್ನು ಬೆಲೆಬಾಳುವ ಕಾರಿನ ವಿಷಯದಲ್ಲಿ ಮಾತ್ರ ಮರೆಯುವುದುಂಟು.

ಬೆಂಗಳೂರಿನ ನನ್ನ ಪರಿಚಿತರೊಬ್ಬರು ಹತ್ತಾರು ವರ್ಷ ಓಡಿದ ಜರ್ಮನ್ ಕಾರೊಂದನ್ನು ಕೊಂಡಿದ್ದರು. ರಾತ್ರಿಯೆಲ್ಲ ಮಳೆ ಸುರಿದ ಮರುದಿನ ಅದರ ರೇಡಿಯೋ, ದೂರವಾಣಿ, ದಾರಿ ತೋರುವ ನಕ್ಷೆ ಎಲ್ಲವೂ ಒಮ್ಮೆಲೇ ಮೂಕವಾದವು. ಗ್ಯಾರೇಜಿನವರು ಎದುರಿನ ಮುಖ್ಯ ಯಂತ್ರವೇ ಹೋಗಿದೆ ಎಂದರು. ಎರಡು ತಿಂಗಳ ಸಂಬಳ ಸುರಿದು ಅದನ್ನು ಬದಲಾಯಿಸಿದ್ದಾಯಿತು. ಮೌನ ಮಾತ್ರ ಹಾಗೆಯೇ ಉಳಿಯಿತು.

ತಪ್ಪಿದ್ದೆಲ್ಲಿ? ಈ ಬಗೆಯ ಕಾರುಗಳಲ್ಲಿ ಹಾಡು ಮಾತುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವುದು ತಾಮ್ರದ ತಂತಿಯಲ್ಲಲ್ಲ, ಬೆಳಕಿನಲ್ಲಿ. ಹತ್ತಿರದಲ್ಲಿ ಸ್ಕೂಟರು ಹೊರಟರೆ ಬಾನುಲಿಯಲ್ಲಿ ಕರಕರ ಸದ್ದು ಕೇಳಿಬರುವುದು ನಿಮಗೆ ಗೊತ್ತು. ಬೆಳಕಿಗೆ ಆ ಕಾಟವಿಲ್ಲ. ಈ ಏರ್ಪಾಟಿನ ಹೆಸರು ‘ಮೋಸ್ಟ್’. ಇದನ್ನು ರೂಪಿಸಲೆಂದು ಕಾರು ತಯಾರಕರೂ ಬಿಡಿಭಾಗದವರೂ 1998ರಲ್ಲಿ ಕೂಟ ಕಟ್ಟಿಕೊಂಡರು. 2001ರಲ್ಲಿ ಬಿಎಂಡಬ್ಲ್ಯೂ 7 ಶ್ರೇಣಿಯ ಕಾರಿನೊಡನೆ ಅದು ರಸ್ತೆಗಿಳಿಯಿತು. ಹೊಸ ಮಾದರಿಗಳು ಈಗ ಈಥರ್‌ನೆಟ್ಟಿನ ಕಡೆಗೆ ಹೊರಳಿದ್ದರೂ ಮೋಸ್ಟ್ ಅಳವಡಿಸಿದ ಕಾರುಗಳು ಇನ್ನೂ ಓಡುತ್ತಿವೆ.

ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆಯೊಳಗೆ ಕೆಂಪು ಬೆಳಕು ಹರಿಯುತ್ತದೆ. ಮುಖ್ಯ ಯಂತ್ರದಿಂದ ಹೊರಟು, ಆಂಪ್ಲಿಫೈಯರ್, ದೂರವಾಣಿಯ ಪೆಟ್ಟಿಗೆ ಮೊದಲಾದವನ್ನು ಸುತ್ತಿ, ಮತ್ತೆ ಮುಖ್ಯ ಯಂತ್ರಕ್ಕೇ ಬರುತ್ತದೆ. ನಡುವಿನ ಪ್ರತಿಯೊಂದು ಪೆಟ್ಟಿಗೆಯೂ ಬಂದ ಬೆಳಕನ್ನು ವಿದ್ಯುತ್ತಾಗಿಸಿ, ಓದಿ, ಹೊಸ ಬೆಳಕಾಗಿ ಮುಂದಿನದಕ್ಕೆ ದಾಟಿಸಬೇಕು. ಒಂದು ಪೆಟ್ಟಿಗೆ ಸುಮ್ಮನಾದರೆ ಸುತ್ತೆಲ್ಲ ಸ್ತಬ್ಧ. ಆದ್ದರಿಂದ ಎಲ್ಲವೂ ನಿಂತಿತೆಂದರೆ ಎಲ್ಲವೂ ಕೆಟ್ಟಿತೆಂದಲ್ಲ. ಎಲ್ಲಕ್ಕಿಂತ ದೊಡ್ಡದು ಕೆಟ್ಟಿತೆಂದೂ ಅಲ್ಲ.

ಬಲ್ಲ ಮೆಕ್ಯಾನಿಕ್ ಮೊದಲು ಕೇಳುವುದು ‘ಏನು ಕೆಟ್ಟಿದೆ’ ಎಂದಲ್ಲ, ‘ಎಲ್ಲಿ ಕಡಿದಿದೆ’ ಎಂದು. ಔಡಿಯಂಥ ಕಾರುಗಳಲ್ಲಿ ಇದಕ್ಕೆಂದೇ ಪ್ರತಿಯೊಂದು ಪೆಟ್ಟಿಗೆಗೂ ಬೇರೊಂದು ಸಾಮಾನ್ಯ ತಂತಿ ಹೋಗಿರುತ್ತದೆ. ಪರೀಕ್ಷಾ ಯಂತ್ರವನ್ನು ಜೋಡಿಸಿ ಕೇಳಿದರೆ ಒಂದೊಂದು ಪೆಟ್ಟಿಗೆಯೂ ಎರಡು ಪ್ರಶ್ನೆಗೆ ಉತ್ತರ ಕೊಡುತ್ತದೆ: ನಿನಗೆ ವಿದ್ಯುತ್ತಿನ ಕಡೆಯಿಂದ ಕ್ಷೇಮವೇ? ಹಿಂದಿನವನಿಂದ ಬೆಳಕು ಬಂತೇ? ಉತ್ತರವನ್ನೇ ಕೊಡದಿದ್ದರೆ ಆ ಪೆಟ್ಟಿಗೆಯ ಫ್ಯೂಸು, ತಂತಿಗಳನ್ನು ನೋಡಬೇಕು. ‘ಕ್ಷೇಮ, ಆದರೆ ಬೆಳಕಿಲ್ಲ’ ಎಂದರೆ ದೋಷ ಹಿಂದಿನ ಪೆಟ್ಟಿಗೆಯ ಬೆಳಕಿನಲ್ಲೋ, ನಡುವಿನ ಎಳೆಯಲ್ಲೋ, ಇದರ ಕಣ್ಣಿನಲ್ಲೋ ಇದೆ.

ಎಳೆಯೂ ಸೂಕ್ಷ್ಮ ವಸ್ತು. 25 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಿದರೆ ಬೆಳಕು ಪಕ್ಕಕ್ಕೆ ಸೋರುತ್ತದೆ. ತುದಿಗೆ ಬೆರಳು ತಾಗಿದರೆ ಜಿಡ್ಡು ಅಡ್ಡವಾಗುತ್ತದೆ. ಕೆಂಪು ಬೆಳಕು ಕಣ್ಣಿಗೆ ಕಂಡಿತೆಂದು ಅದರ ಕಸುವು ಸಾಲುತ್ತದೆಂದು ತಿಳಿಯಬಾರದು. ಒಮ್ಮೆ ಹಾಡಿ ಒಮ್ಮೆ ನಿಲ್ಲುವ ಕಾರಿನಲ್ಲಿ ಬೆಳಕನ್ನು ಬೇಕೆಂದೇ ಅರ್ಧಕ್ಕೆ ಇಳಿಸಿ ನೋಡುವ ಪರೀಕ್ಷೆಯೂ ಇದೆ. ಸೊರಗಿದ ಕೊಂಡಿ ಆಗ ಸಿಕ್ಕಿಬೀಳುತ್ತದೆ.

ಇನ್ನೊಂದು ಉಪಾಯ ಬಹು ಸರಳ. ಅನುಮಾನ ಬಂದ ಪೆಟ್ಟಿಗೆಯಿಂದ ಬೆಳಕಿನ ಕೊಂಡಿಯನ್ನು ಬಿಡಿಸಿ, ಒಳಬರುವ ಎಳೆಯನ್ನೂ ಹೊರಹೋಗುವ ಎಳೆಯನ್ನೂ ಒಂದು ಗಿಡ್ಡ ಎಳೆಯ ಕುಣಿಕೆಯಿಂದ ಸೇರಿಸುವುದು. ಉಳಿದವು ಎದ್ದು ಕುಳಿತರೆ ಕಳ್ಳ ಆ ಪೆಟ್ಟಿಗೆಯಲ್ಲೇ ಇದ್ದಾನೆ. ಹಾಗಾದರೂ ಹೊಸದನ್ನು ಕೊಳ್ಳುವ ಮೊದಲು ಅದಕ್ಕೆ ವಿದ್ಯುತ್ತು ತಲುಪುತ್ತಿತ್ತೇ ಎಂದು ಅಳೆಯಲೇಬೇಕು. ಫ್ಯೂಸು ಹೋದ ಒಳ್ಳೆಯ ಪೆಟ್ಟಿಗೆಯೂ ಸತ್ತಂತೆಯೇ ಬಿದ್ದಿರುತ್ತದೆ.

ನನ್ನ ಪರಿಚಿತರು ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ಕನ ಬಳಿ ಹೋದರು. ಆತ ಪರೀಕ್ಷೆಯ ಉತ್ತರಗಳನ್ನು ಓದಿ, ಡಿಕ್ಕಿ ತೆಗೆದು, ಬದಿಯ ಹೊದಿಕೆ ಬಿಚ್ಚಿದ. ಆಂಪ್ಲಿಫೈಯರಿನ ಕೆಳಗೆ ಮಳೆಯ ನೀರು ನಿಂತಿತ್ತು. ಕುಣಿಕೆ ಹಾಕಿದೊಡನೆ ನಕ್ಷೆ ಮೂಡಿತು, ಪರದೆಯ ಮೇಲೆ ರೇಡಿಯೋ ಕೇಂದ್ರಗಳ ಹೆಸರು ಬಂದವು. ಸದ್ದು ಮಾತ್ರ ಬರಲಿಲ್ಲ, ಏಕೆಂದರೆ ಸದ್ದು ಕೊಡಬೇಕಾದದ್ದೇ ಹೊರಗುಳಿದಿತ್ತು. ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು. ಆತ ಮೊದಲು ಮುಚ್ಚಿದ್ದು ನೀರು ಸೋರುವ ಜಾಗವನ್ನು. ಬೇರೆ ಆಂಪ್ಲಿಫೈಯರನ್ನು ಕೂರಿಸಿದ್ದು ಆಮೇಲೆ. ಮೊದಲ ಗ್ಯಾರೇಜಿಗೆ ಕೊಟ್ಟ ಹಣ ಮಾತ್ರ ಹಿಂದಿರುಗಲಿಲ್ಲ.

ಆದುದರಿಂದ ಇಂಥ ಕಾರು ಮೂಕವಾದಾಗ ಹಣದ ಚೀಲ ಬಿಚ್ಚುವ ಮುನ್ನ ಮೂರು ಮಾತು ಕೇಳಿ. ಸುತ್ತು ಎಲ್ಲಿ ಕಡಿದಿದೆ? ಆ ಪೆಟ್ಟಿಗೆಗೆ ವಿದ್ಯುತ್ತು ಬರುತ್ತಿದೆಯೇ? ಅದನ್ನು ಬಿಟ್ಟು ಸುತ್ತನ್ನು ಸೇರಿಸಿ ನೋಡಿದಿರಾ? ಬಲ್ಲವನು ಈ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತಾನೆ. ಸಿಡುಕುವವನ ಕೈಗೆ ಕಾರಿನ ಕೀಲಿಯನ್ನು ಕೊಡದಿರುವುದೇ ಲೇಸು.