ಕಾಗದದ ಹೆಣಿಗೆ: ತಪ್ಪಿದ ಪಟ್ಟಿಯನ್ನು ಮಗುವೇ ಬಿಚ್ಚಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಅಂಗನವಾಡಿ ಕಾರ್ಯಕರ್ತೆಯರೇ, ಶಿಕ್ಷಕ ಬಂಧುಗಳೇ,

ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಅವರು 1837ರಿಂದ ರೂಪಿಸಿದ ಶಿಶುಶಿಕ್ಷಣದಲ್ಲಿ ಕಾಗದದ ಹೆಣಿಗೆಗೂ ಸ್ಥಾನವಿತ್ತು. ಈ ವಿದ್ಯೆ ನಮಗೂ ಪರಿಚಿತವೇ. ಚಪ್ಪರಕ್ಕೆ ತೆಂಗಿನ ಗರಿ ಹೆಣೆಯುವವರು, ಬಿದಿರಿನ ಸೀಳಿನಿಂದ ಮೊರ, ಬುಟ್ಟಿ ಹೆಣೆಯುವ ಮೇದರು ನಮ್ಮ ನಡುವೆಯೇ ಇದ್ದಾರೆ. ಮಗು ಕಾಗದದಲ್ಲಿ ಕಲಿಯುವುದೂ ಅದನ್ನೇ.

ಬಳಸಿದ ಕಾಗದವನ್ನು ನಡುವೆ ಮಡಿಸಿ, ಮಡಿಕೆಯ ಕಡೆಯಿಂದ ಸಮಾನಾಂತರವಾಗಿ ಕತ್ತರಿಸುತ್ತ ಬಂದು, ಅಂಚನ್ನು ಉಳಿಸಿ ಬಿಡಿಸಿದರೆ ಹಾಸು ಸಿದ್ಧ. ಕತ್ತರಿ ನಮ್ಮ ಕೈಯಲ್ಲಿಯೇ ಇರಲಿ. ಬೇರೆ ಬಣ್ಣದ ಪಟ್ಟಿಗಳೇ ಹೊಕ್ಕು. ಮೊದಲ ಪಟ್ಟಿ ಒಂದರ ಮೇಲೆ, ಒಂದರ ಕೆಳಗೆ ಸಾಗಲಿ. ಎರಡನೆಯದು ಒಂದರ ಕೆಳಗೆ, ಒಂದರ ಮೇಲೆ. ಎಲ್ಲವೂ ಒಂದೇ ಬಗೆಯಲ್ಲಿ ಸಾಗಿದರೆ ಹೆಣಿಗೆ ಹಿಡಿತಕ್ಕೆ ಬಾರದು.

ಪ್ರದರ್ಶನ ಅಂದವಾಗಲೆಂದು ನಾನೂ ಒಮ್ಮೆ ಒಂದು ಮಗುವಿನ ಚಾಪೆಯನ್ನು ಗುಟ್ಟಾಗಿ ತಿದ್ದಿದ್ದೆ. ಎಲ್ಲರೂ ಮೆಚ್ಚಿದರು. ಮರುದಿನ ಆ ಮಗುವಿಗೆ ಎರಡನೆಯ ಪಟ್ಟಿಯನ್ನು ಎಲ್ಲಿಂದ ತೂರಿಸಬೇಕೆಂಬುದೇ ತಿಳಿಯಲಿಲ್ಲ.

ಆದುದರಿಂದ ನನ್ನ ವಿನಂತಿ ಇಷ್ಟೇ: ತಪ್ಪಿದ ಪಟ್ಟಿಯನ್ನು ಮಗುವೇ ಎಳೆದು ತೆಗೆಯಲಿ, ಮತ್ತೆ ಹೆಣೆಯಲಿ. ಅಂಚು ಸೊಟ್ಟಗಿದ್ದರೂ ಅದನ್ನೇ ಗೋಡೆಗೆ ತೂಗುಹಾಕೋಣ.