ಆದರ್ಶ ವರ್ಧಕದ ಗೇನ್



ಕ್ಷೀಣವಾದ ವಿದ್ಯುತ್ಸಂಕೇತವನ್ನು ವರ್ಧಕವು ಎಷ್ಟು ಪಟ್ಟು ಹೆಚ್ಚಿಸುವುದೋ ಆ ಪ್ರಮಾಣಕ್ಕೆ ಗೇನ್ ಎಂದು ಹೆಸರು. 1920ರ ದಶಕದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದವರನ್ನು ಕಾಡಿದ ಸಂಕಟವೆಂದರೆ, ವರ್ಧಕದೊಳಗಿನ ವಾಲ್ವುಗಳು ಹಳತಾದಂತೆಲ್ಲ ಈ ಗೇನ್ ಸ್ಥಿರವಾಗಿ ನಿಲ್ಲದೆ, ದೂರದ ತಂತಿಮಾರ್ಗದಲ್ಲಿ ಒಂದರ ಬೆನ್ನಿಗೊಂದರಂತೆ ಇರಿಸಿದ ವರ್ಧಕಗಳ ದೋಷವೆಲ್ಲವೂ ಕೂಡಿಕೊಂಡು ಮಾತೇ ವಿಕಾರಗೊಳ್ಳುತ್ತಿದ್ದುದು.

1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ಫೆರಿಯಲ್ಲಿ ದಾಟುತ್ತ ಕೆಲಸಕ್ಕೆ ಹೊರಟಿದ್ದ ಆ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಇಂಜಿನಿಯರರಿಗೆ, ಹೊರಬಂದ ಸಂಕೇತದ ಒಂದಂಶವನ್ನು ವಿರುದ್ಧವಾಗಿ ಒಳದ್ವಾರಕ್ಕೇ ಮರಳಿಸಿದಲ್ಲಿ ಗೇನಿನ ಬಹುಭಾಗ ನಷ್ಟವಾದರೂ ಉಳಿದುದು ಅಚಲವಾಗುವುದೆಂಬ ತತ್ತ್ವವು ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ಅವರು ಅದನ್ನು ಬರೆದಿಟ್ಟುಕೊಂಡರು. ಗಳಿಸಿದುದನ್ನು ಬೇಕೆಂದೇ ಕಳೆಯುವ ಈ ಉಪಾಯವನ್ನು ನಂಬುವುದೇ ಪೇಟೆಂಟ್ ಪರೀಕ್ಷಕರಿಗೆ ಕಷ್ಟವಾಗಿ, 1928ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟ್ ದೊರೆತುದು 1937ರಲ್ಲಿ. ನನ್ನ ದೃಷ್ಟಿಯಲ್ಲಿ, ವಿದ್ಯುನ್ಮಾನಶಾಸ್ತ್ರದಲ್ಲಿ ಇದಕ್ಕಿಂತ ಧೀರವಾದ ತ್ಯಾಗ ಇನ್ನೊಂದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನವಿರೋಧಿ ಫಿರಂಗಿಗಳ ಗುರಿಯನ್ನು ಗಣಿಸಿದ ಯಂತ್ರಗಳಲ್ಲಿ ಸಂಕಲನಾದಿ ಕ್ರಿಯೆಗಳನ್ನು ನಡೆಸಿದುದು ಇಂಥ ವರ್ಧಕಗಳೇ. 1947ರಲ್ಲಿ ರಾಗಝ್ಝಿನಿ ಎಂಬ ಇಂಜಿನಿಯರ್ ಮತ್ತು ಅವರ ಸಂಗಡಿಗರ ಪ್ರಬಂಧದ ಮೂಲಕ ಇವುಗಳಿಗೆ ಆಪರೇಷನಲ್ ಆಂಪ್ಲಿಫೈಯರ್ ಎಂಬ ಹೆಸರು ನಿಂತಿತು.

ಇನ್ನು ಗೇನನ್ನು ಕಂಡುಹಿಡಿಯುವ ಬಗೆಯನ್ನು ಕೇಳಿರಿ. ಆದರ್ಶ ವರ್ಧಕದ ಸ್ವಂತ ಗೇನ್ ಅನಂತ. ಆದುದರಿಂದ ಹೊರಗೆ ಪರಿಮಿತವಾದ ವೋಲ್ಟೇಜ್ ಇರಬೇಕಾದರೆ ಅದರ ಎರಡು ಒಳದ್ವಾರಗಳ ನಡುವಣ ಅಂತರ ಶೂನ್ಯವಾಗಿರಲೇಬೇಕು. ಧನದ್ವಾರವನ್ನು ಭೂಮಿಗೆ ಜೋಡಿಸಿದ್ದರೆ ಋಣದ್ವಾರವೂ, ಭೂಮಿಯನ್ನು ಮುಟ್ಟದೆಯೇ, ಶೂನ್ಯ ವೋಲ್ಟೇಜಿನಲ್ಲಿ ನಿಲ್ಲುತ್ತದೆ. ದ್ವಾರದೊಳಕ್ಕೆ ಪ್ರವಾಹವೇ ಹರಿಯದಾದುದರಿಂದ, ಸಂಕೇತವನ್ನು ಋಣದ್ವಾರಕ್ಕೆ ತರುವ ರೋಧಕದಲ್ಲಿ ಹರಿದ ಪ್ರವಾಹವೆಲ್ಲವೂ ಹೊರದ್ವಾರವನ್ನು ಋಣದ್ವಾರಕ್ಕೆ ಜೋಡಿಸುವ ಮರಳುದಾರಿಯ ರೋಧಕದಲ್ಲಿಯೇ ಸಾಗಬೇಕು. ಮೊದಲನೆಯದು 10,000 ಓಮ್, ಎರಡನೆಯದು 1,00,000 ಓಮ್ ಆಗಿರಲಿ: 0.2 ವೋಲ್ಟ್ ಕೊಟ್ಟರೆ 20 ಮೈಕ್ರೋಆಂಪಿಯರ್ ಹರಿದು, ಹೊರಗೆ ಋಣ 2 ವೋಲ್ಟ್ ದೊರೆಯುವುದು. ಗೇನ್ ಋಣ 10; ಎಂದರೆ ಎರಡು ರೋಧಕಗಳ ಅನುಪಾತ ಮಾತ್ರ, ವರ್ಧಕದ ಗುಣದೋಷಗಳಿಗೆ ಅಲ್ಲಿ ಪ್ರವೇಶವಿಲ್ಲ.

ಅನಂತವೆಂಬುದು ಕಲ್ಪನೆಯಷ್ಟೆ ಎಂದು ಕೆಲವರು ಆಕ್ಷೇಪಿಸಬಹುದು. 1968ರಲ್ಲಿ ಬಂದ 741 ಎಂಬ ವರ್ಧಕ ಚಿಪ್ಪಿನ ಸ್ವಂತ ಗೇನ್ ಮಂದಗತಿಯ ಸಂಕೇತಗಳಿಗೆ ಸಾಮಾನ್ಯವಾಗಿ 2 ಲಕ್ಷ; ಅದು 1 ಲಕ್ಷಕ್ಕೆ ಇಳಿದುಹೋದರೂ ನಮ್ಮ ಮಂಡಲದ 10 ಎಂಬ ಗೇನಿನಲ್ಲಿ ಆಗುವ ವ್ಯತ್ಯಾಸ ಸುಮಾರು 18,000ದಲ್ಲಿ ಒಂದು ಪಾಲು.